ಕುದುರೆ ಮೇಲಿನ 'ನಮ್ಮನೆಯವರು'

ಉತ್ತರ ಮ್ಯಾಸಿಡೋನಿಯಾ ಎಂಬ ಪುಟ್ಟ ದೇಶದ ರಾಜಧಾನಿ ಸ್ಕೋಪ್ಯೆ ಊರಿನ ನಟ್ಟನಡುವೆ, ದೊಡ್ಡ ಚೌಕದಲ್ಲಿ, ಒಬ್ಬ ಕುದುರೆ ಏರಿ ಕೂತಿದ್ದಾನೆ. ಕಂಚಿನವನು. ಪೀಠವೂ ಸೇರಿದರೆ 20 ಮೀಟರಿಗೂ ಜಾಸ್ತಿ ಎತ್ತರ. ಕೈಯಲ್ಲಿ ಕತ್ತಿ. ಕೆಳಗೆ ಕಾರಂಜಿ, ಸಿಂಹಗಳು, ಬಣ್ಣದ ದೀಪ, ಜೊತೆಗೆ ಸಂಗೀತ. 2011ರಲ್ಲಿ ಇಟಲಿಯ ಫ್ಲಾರೆನ್ಸಿನಲ್ಲಿ ಎರಕ ಹೊಯ್ಸಿ ತಂದು ನಿಲ್ಲಿಸಿದ್ದು. ಯಾರಪ್ಪಾ ಇವನು ಅಂತ ಯಾವ ಮಗುವನ್ನು ಕೇಳಿದರೂ ಅಲೆಕ್ಸಾಂಡರ್ ಅನ್ನುತ್ತದೆ. ಸರ್ಕಾರವನ್ನು ಕೇಳಿದರೆ ಮಾತ್ರ 'ಕುದುರೆ ಮೇಲಿನ ಯೋಧ'. ಕಾಗದದಲ್ಲಿ ಇಟ್ಟ ಹೆಸರೇ ಅದು.

ಕಲ್ಲು ಸೇತುವೆ ದಾಟಿ ವಾರ್ದಾರ್ ಹೊಳೆಯ ಆಚೆ ದಡಕ್ಕೆ ಹೋದರೆ ಇನ್ನೊಬ್ಬ ಮುಷ್ಟಿ ಎತ್ತಿ ನಿಂತಿದ್ದಾನೆ. ಅಲೆಕ್ಸಾಂಡರನ ಅಪ್ಪ, ಎರಡನೇ ಫಿಲಿಪ್. ಕಾಗದದಲ್ಲಿ ಅವನು ಬರೀ 'ಯೋಧ'. ಪಾಪ, ಕುದುರೆ ಇಲ್ಲವಲ್ಲ. ಅಲ್ಲೇ ಒಂದು ಕಾರಂಜಿಯಲ್ಲಿ ಬಸುರಿ ಹೆಂಗಸು, ಮಗುವಿಗೆ ಹಾಲೂಡಿಸುವ ಹೆಂಗಸು. ಎಲ್ಲವೂ ಅಮ್ಮ ಒಲಿಂಪಿಯಾಸಳೇ. ಹೆಸರು ಮಾತ್ರ 'ಮ್ಯಾಸಿಡೋನಿಯಾದ ತಾಯಂದಿರು'.

ನಮ್ಮಜ್ಜಿ ನೆನಪಾಗುತ್ತಾಳೆ. ಸಾಯುವವರೆಗೂ ಅಜ್ಜನ ಹೆಸರು ಬಾಯಲ್ಲಿ ತಂದವಳಲ್ಲ. ಅಂಚೆಯವನು ಕೇಳಿದರೂ 'ನಮ್ಮನೆಯವರು'. ಹಾಗಂತ ಅವಳಿಗೆ ಹೆಸರು ಗೊತ್ತಿರಲಿಲ್ಲವೇ? ಮದುವೆಯ ದಿನವಾದರೂ ಒಡಪು ಕಟ್ಟಿ ಹೇಳಿದ್ದಳಂತೆ. ಉತ್ತರ ಕರ್ನಾಟಕದ ಕಡೆ ಗೊತ್ತಲ್ಲ, ಹೊಸ ಮದುಮಗಳು ಹೊಸ್ತಿಲಲ್ಲಿ ನಿಂತರೆ ನಾದಿನಿ ಬಾಗಿಲಿಗೆ ಅಡ್ಡ. ಗಂಡನ ಹೆಸರು ಹೇಳದೆ ಒಳಗೆ ಬಿಡಲ್ಲ.

ಸ್ಕೋಪ್ಯೆಯ ಪಾಡು ತಲೆಕೆಳಗು. ಅಲ್ಲಿ ಹೆಸರು ಹೇಳಿದರೆ ಒಳಗೆ ಬಿಡಲ್ಲ. ಬಾಗಿಲಿಗೆ ಅಡ್ಡ ನಿಂತ ನಾದಿನಿ ಗ್ರೀಸ್.

ಯುಗೊಸ್ಲಾವಿಯಾ ಒಡೆದು 1991ರಲ್ಲಿ ಈ ಪುಟ್ಟ ದೇಶ ಬೇರೆ ಮನೆ ಮಾಡಿತು. ಮ್ಯಾಸಿಡೋನಿಯಾ ಅಂತ ಹೆಸರಿಟ್ಟುಕೊಂಡಿತು. ಮ್ಯಾಸಿಡೋನಿಯಾ ಅಂದರೆ ಅಲೆಕ್ಸಾಂಡರ್ ಆಳಿದ ನಮ್ಮ ಉತ್ತರದ ಸೀಮೆ, ಹೆಸರು ತಗೊಂಡವರು ನಾಳೆ ಜಮೀನನ್ನೂ ಕೇಳುತ್ತಾರೆ ಎಂದು ಗ್ರೀಸ್ ಕೂಗೆಬ್ಬಿಸಿತು. 1993ರಲ್ಲಿ ವಿಶ್ವಸಂಸ್ಥೆಗೆ ಸೇರುವಾಗ ಸಿಕ್ಕಿದ ಹೆಸರು 'ಹಿಂದಿನ ಯುಗೊಸ್ಲಾವ್ ಗಣರಾಜ್ಯ ಮ್ಯಾಸಿಡೋನಿಯಾ'. ಇಂಗ್ಲಿಷ್ ಅಕ್ಷರಮಾಲೆ ಪ್ರಕಾರ ಎಲ್ಲಿ ಕೂರಿಸುವುದು? 'ಎಂ'ನಲ್ಲಿ ಗ್ರೀಸ್ ಬಿಡಲ್ಲ. 'ಫಾರ್ಮರ್' ಅಂತ 'ಎಫ್'ನಲ್ಲಿ ಇವರು ಕೂರಲ್ಲ. ಕೊನೆಗೆ ಇಂಗ್ಲಿಷಿನ 'ದಿ' ಎಂಬ ಬಡಪಾಯಿ ಪದವನ್ನು ಹಿಡಿದು 'ಟಿ'ಯಲ್ಲಿ, ಥಾಯ್ಲೆಂಡಿನ ಪಕ್ಕ ಕುರ್ಚಿ ಹಾಕಿದರು. 1994ರಲ್ಲಿ ಗ್ರೀಸ್ ವ್ಯಾಪಾರವನ್ನೇ ಬಂದ್ ಮಾಡಿತು. 2008ರಲ್ಲಿ ಬುಕಾರೆಸ್ಟಿನ ಸಭೆಯಲ್ಲಿ ನೇಟೋ ಸೇನಾಕೂಟದ ಬಾಗಿಲಿಗೆ ಅಡ್ಡ ನಿಂತಿತು.

ಅದಕ್ಕೆ ಮೊದಲೇ ಸ್ಕೋಪ್ಯೆಗೆ ಹಟ ಹತ್ತಿತ್ತು. ಬಾಗಿಲು ಮುಚ್ಚಿದ ಮೇಲಂತೂ ಹಿಡಿಯುವವರೇ ಇಲ್ಲ. ವಿಮಾನ ನಿಲ್ದಾಣಕ್ಕೆ ಅಲೆಕ್ಸಾಂಡರನ ಹೆಸರು. ಹೆದ್ದಾರಿಗೂ ಅವನದೇ. ಫುಟ್‌ಬಾಲ್ ಮೈದಾನಕ್ಕೆ ಅಪ್ಪನದು. ಗ್ರೀಸಿನ ಕವಾಲಾದ ವಿಮಾನ ನಿಲ್ದಾಣವೂ ಮಹಾ ಅಲೆಕ್ಸಾಂಡರನೇ. ಒಬ್ಬನೇ ರಾಜ, ಎರಡು ನಿಲ್ದಾಣ, ನಡುವೆ ಒಂದು ಗಡಿ.

2010ರಲ್ಲಿ ಪ್ರಧಾನಿ ನಿಕೊಲಾ ಗ್ರುಯೆವ್‌ಸ್ಕಿ ಸರ್ಕಾರ 'ಸ್ಕೋಪ್ಯೆ 2014' ಎಂಬ ಯೋಜನೆ ಹೊರಡಿಸಿತು. ಮೊದಲು ಹೇಳಿದ ಖರ್ಚು 8 ಕೋಟಿ ಯೂರೊ. ಆಮೇಲೆ ಪತ್ರಕರ್ತರು ಕೂತು ಲೆಕ್ಕ ಹಾಕಿದರೆ 60 ಕೋಟಿ ದಾಟಿತ್ತು. ಜನಸಂಖ್ಯೆ 20 ಲಕ್ಷದ ಆಸುಪಾಸು. ಹೊಸ ಕಟ್ಟಡಗಳಿಗೆ ಹಳೇ ಕಂಬ, ಹಳೇ ಕಟ್ಟಡಗಳಿಗೆ ಹೊಸ ಮುಖವಾಡ, ಖಾಲಿ ಜಾಗ ಕಂಡಲ್ಲಿ ಒಂದು ಪ್ರತಿಮೆ. 2016ರಲ್ಲಿ ಜನ ಬೀದಿಗಿಳಿದು ಈ ಬಿಳಿ ಗೋಡೆಗಳಿಗೆಲ್ಲ ಬಣ್ಣ ಎರಚಿದರು. ಜೈಲು ಶಿಕ್ಷೆಯಾದ ಮೇಲೆ ಗ್ರುಯೆವ್‌ಸ್ಕಿ 2018ರಲ್ಲಿ ಹಂಗೇರಿಗೆ ಪರಾರಿಯಾದರು. ಅಲೆಕ್ಸಾಂಡರ್ ಪೂರ್ವಕ್ಕೆ ದಂಡೆತ್ತಿ ಹೋದ. ಅವನ ಭಕ್ತ ಉತ್ತರಕ್ಕೆ ಹೋದ.

ಇನ್ನೊಂದು ಹೇಳದಿದ್ದರೆ ಹೊಟ್ಟೆ ಉಬ್ಬುತ್ತದೆ. 2008ರಲ್ಲಿ ಪಾಕಿಸ್ತಾನದ ತುದಿಯ ಹುಂಜಾ ಕಣಿವೆಯಿಂದ ಅಲ್ಲಿನ ಹಳೇ ಅರಸುಮನೆಯ ದಂಪತಿಯನ್ನು ಸ್ಕೋಪ್ಯೆಗೆ ಕರೆಸಿದರು. ಇವರು ಅಲೆಕ್ಸಾಂಡರನ ಸೈನಿಕರ ವಂಶದವರಂತೆ. ಪ್ರಧಾನಿಯೇ ಮುಂದೆ ನಿಂತು ಬರಮಾಡಿಕೊಂಡರು. 2300 ವರ್ಷದ ಮೇಲೆ ಮನೆಗೆ ಬಂದ ನೆಂಟರು! ಆದರೆ ಆತಿಥ್ಯ ಮಾಡಿದವರ ಹಿರೀಕರು, ಸ್ಲಾವ್ ಜನ, ಆ ಊರಿಗೆ ಬಂದದ್ದೇ ಅಲೆಕ್ಸಾಂಡರ್ ಸತ್ತು ಎಂಟು ಒಂಬತ್ತು ನೂರು ವರ್ಷ ಆದಮೇಲೆ. ದೇಶದ ಮೊದಲ ಅಧ್ಯಕ್ಷ ಕಿರೊ ಗ್ಲಿಗೊರೊವ್ ಇದನ್ನು ಆಗಲೇ ನೇರವಾಗಿ ಹೇಳಿದ್ದರು: ನಾವು ಸ್ಲಾವರು, ನಮಗೂ ಅವನಿಗೂ ಸಂಬಂಧವಿಲ್ಲ ಅಂತ. ಸಂಬಂಧವಿಲ್ಲ ಅಂದರೆ ಪ್ರತಿಮೆಗೆ ಟೆಂಡರ್ ಕರೆಯುವುದು ಹೇಗೆ?

ಸರಿ, ಇಷ್ಟೆಲ್ಲ ಜಗಳವಾಡಿ ಪಡೆಯಬೇಕಾದ ಆ ಮನೆತನ ಎಂಥದ್ದು?

ಫಿಲಿಪ್ ಗಟ್ಟಿಗ, ಅನುಮಾನವಿಲ್ಲ. ಕ್ರಿ.ಪೂ. 359ರಲ್ಲಿ ಕೈಗೆ ಬಂದದ್ದು ಸುತ್ತಲಿನವರೆಲ್ಲ ಹರಿದು ತಿನ್ನುತ್ತಿದ್ದ ಒಂದು ರಾಜ್ಯ. ಉದ್ದ ಈಟಿಯ ಸೈನ್ಯ ಕಟ್ಟಿದ, ಗಣಿ ಹಿಡಿದ, ಒಂದು ಕಣ್ಣು ಕಳೆದುಕೊಂಡ, ಕುಂಟನಾದ, ಗ್ರೀಸನ್ನೇ ಬಗ್ಗಿಸಿದ. ನಡುವೆ ಏಳು ಮದುವೆ. ಏಳನೆಯದರ ಊಟದಲ್ಲಿ ಹುಡುಗಿಯ ಸಂಬಂಧಿ ಅಟ್ಟಾಲಸ್ ಕುಡಿದು, ಇನ್ನಾದರೂ ಸರಿಯಾದ ವಾರಸುದಾರ ಹುಟ್ಟಲಿ ಅಂದುಬಿಟ್ಟ. ಎದುರಿಗೇ ಕೂತಿದ್ದ ಅಲೆಕ್ಸಾಂಡರ್ ಬಟ್ಟಲು ಎತ್ತಿ ಒಗೆದ. ಅಪ್ಪ ಕತ್ತಿ ಹಿರಿದು ಎದ್ದ, ಅಟ್ಟಾಲಸನ ಮೇಲಲ್ಲ, ಮಗನ ಮೇಲೆ. ಕುಡಿದ ಕಾಲು, ಎಡವಿ ಬಿದ್ದ. 'ನೋಡಿ, ಯೂರೋಪಿನಿಂದ ಏಷ್ಯಾಕ್ಕೆ ದಾಟಲು ಹೊರಟವರು. ಒಂದು ಮಂಚದಿಂದ ಇನ್ನೊಂದು ಮಂಚಕ್ಕೆ ದಾಟಲಾಗಲಿಲ್ಲ' ಅಂದನಂತೆ ಮಗ. ಹಳೇ ಗ್ರೀಕ್ ಲೇಖಕ ಪ್ಲುಟಾರ್ಕ್ ಬರೆದಿಟ್ಟ ಕಥೆ. ಒಲಿಂಪಿಯಾಸ್ ಗಂಟುಮೂಟೆ ಕಟ್ಟಿ ತವರಿಗೆ ಹೊರಟಳು. ಸ್ಕೋಪ್ಯೆಯಲ್ಲಿ ಮಾತ್ರ ಅಪ್ಪ, ಅಮ್ಮ, ಕೂಸು ಮೂವರೂ ಕಂಚಿನಲ್ಲಿ ಅಷ್ಟು ಅನ್ಯೋನ್ಯ.

ಕ್ರಿ.ಪೂ. 336ರಲ್ಲಿ ಫಿಲಿಪ್ ಮಗಳನ್ನು ಅವಳ ಸೋದರಮಾವನಿಗೇ ಕೊಟ್ಟು ಮದುವೆ ಮಾಡಿದ. ನಮಗೇನೂ ಹೊಸತಲ್ಲ ಬಿಡಿ. ಮದುವೆಯ ಮೆರವಣಿಗೆಯಲ್ಲಿ ಹನ್ನೆರಡು ದೇವರ ಪ್ರತಿಮೆ ಹೊರಟವು. ಹಿಂದೆಯೇ ಹದಿಮೂರನೆಯದು, ಫಿಲಿಪ್ಪನದೇ. ಪ್ರತಿಮೆಯ ಹಿಂದೆ ಮನುಷ್ಯ ನಡೆದು ಬಂದ. ಜನರ ಪ್ರೀತಿಯೇ ರಕ್ಷೆ ಎಂದು ತೋರಿಸಲು ಅಂಗರಕ್ಷಕರಿಗೆ ದೂರ ಇರಿ ಅಂದಿದ್ದ. ಅವರಲ್ಲೊಬ್ಬ, ಪೌಸೇನಿಯಸ್, ಹತ್ತಿರ ಬಂದು ಇರಿದ. ಪ್ರತಿಮೆಗೆ ಏನೂ ಆಗಲಿಲ್ಲ.

ಆಮೇಲಿನದು ಲೆಕ್ಕಕ್ಕೆ ಸಿಗದಷ್ಟು ರಕ್ತ. ಕಿರಿ ಹೆಂಡತಿಯನ್ನೂ ಅವಳ ಕೂಸನ್ನೂ ಒಲಿಂಪಿಯಾಸ್ ಮುಗಿಸಿದಳು. ಮುಂದೆ ಮಲಮಗನನ್ನೂ. ಅವಳನ್ನು, ಅಲೆಕ್ಸಾಂಡರ್ ಸತ್ತ ಮೇಲೆ ಮ್ಯಾಸಿಡೋನಿಯಾ ಹಿಡಿದ ಕಸ್ಸಾಂಡರ್ ಮುಗಿಸಿದ. ಅಲೆಕ್ಸಾಂಡರನ ಹೆಂಡತಿ ರೊಕ್ಸಾನಾ ಮತ್ತು ಬಾಲಕ ಮಗನನ್ನೂ ಅವನೇ ಮುಗಿಸಿದ. ಫಿಲಿಪ್ಪನ ಇನ್ನೊಬ್ಬ ಮಗಳು ಥೆಸಲೋನಿಕಿ, ಇವತ್ತಿನ ಥೆಸಲೋನಿಕಿ ಊರಿಗೆ ಅವಳದೇ ಹೆಸರು, ಹೆತ್ತ ಮಗನ ಕೈಯಲ್ಲೇ ಸತ್ತಳು. ವಾರಸುದಾರರೆಲ್ಲ ಒಬ್ಬರನ್ನೊಬ್ಬರು ತೀರಿಸಿಕೊಂಡ ಮನೆ ಇದು. ಆ ಮನೆಗೆ ಈಗ ಎರಡು ದೇಶ ಪೌತಿ ಖಾತೆಗೆ ಅರ್ಜಿ ಹಾಕಿವೆ. ನಾಡಕಚೇರಿಯಲ್ಲಾದರೆ ವಂಶವೃಕ್ಷ ತನ್ನಿ ಅನ್ನುತ್ತಾರೆ.

ಗ್ರೀಸ್ ಕಡೆಯ ಕಡತವೂ ಅಷ್ಟೇನು ಶುದ್ಧವಲ್ಲ. ಫಿಲಿಪ್ಪನಿಗಿಂತ ಎಷ್ಟೋ ಮೊದಲು ಅದೇ ವಂಶದ ಮೊದಲನೇ ಅಲೆಕ್ಸಾಂಡರ್ ಒಲಿಂಪಿಕ್ಸಿಗೆ ಓಡಲು ಹೋದಾಗ, ನೀನು ಗ್ರೀಕನಲ್ಲ, ಆಚೆ ನಡಿ ಅಂದರು. ನನ್ನ ಮೂಲ ಗ್ರೀಕರ ಆರ್ಗೋಸ್ ಪಟ್ಟಣ ಅಂತ ಸಾಬೀತು ಮಾಡಿದ ಮೇಲೇ ಓಡಲು ಬಿಟ್ಟದ್ದು ಎಂದು ಗ್ರೀಕ್ ಚರಿತ್ರಕಾರ ಹೆರೊಡೋಟಸ್ ಬರೆಯುತ್ತಾನೆ. ಅಥೆನ್ಸಿನ ಭಾಷಣಕಾರ ಡೆಮಾಸ್ತೆನೀಸನಂತೂ ಸಭೆಯಲ್ಲಿ ಎದ್ದು ನಿಂತು, ಈ ಫಿಲಿಪ್ ಗ್ರೀಕನಂತೂ ಅಲ್ಲ, ಮರ್ಯಾದಸ್ಥ ಊರಿನ ಮ್ಲೇಚ್ಛನೂ ಅಲ್ಲ, ಆ ಸೀಮೆಯಿಂದ ಒಬ್ಬ ಒಳ್ಳೆ ಗುಲಾಮನೂ ಸಿಗುತ್ತಿರಲಿಲ್ಲ ಎಂದು ಬೈದ. ಕ್ರಿ.ಪೂ. 338ರಲ್ಲಿ ಖೈರೋನಿಯಾದಲ್ಲಿ ಫಿಲಿಪ್ ಅಥೆನ್ಸನ್ನು ಸೋಲಿಸಿದ. ಮೂರು ವರ್ಷದ ಮೇಲೆ ಮಗ ಥೀಬ್ಸ್ ಪಟ್ಟಣವನ್ನು ನೆಲಸಮ ಮಾಡಿದ. ಅದೇ ಅಥೆನ್ಸ್ 2019ರಲ್ಲಿ ಊರ ನಡುವೆ ಅಲೆಕ್ಸಾಂಡರನ ಪ್ರತಿಮೆ ನಿಲ್ಲಿಸಿತು. ಬೈದ ಬಾಯಲ್ಲೇ ಜೈಕಾರ.

2014ರಲ್ಲಿ ಗ್ರೀಸಿನ ಆಂಫಿಪೊಲಿಸಿನಲ್ಲಿ ಒಂದು ಭಾರಿ ಗೋರಿ ಸಿಕ್ಕಾಗ ಅಲ್ಲಿನ ಪ್ರಧಾನಿ ಸಮರಾಸ್ ಸ್ಥಳಕ್ಕೇ ಧಾವಿಸಿದರು. ಸಾಲದಲ್ಲಿ ಮುಳುಗಿದ ದೇಶ ಟಿವಿ ಮುಂದೆ ಉಸಿರು ಬಿಗಿಹಿಡಿದು ಕೂತಿತು. ಅಲೆಕ್ಸಾಂಡರ್ ಸಿಕ್ಕೇಬಿಟ್ಟ! ಸಿಕ್ಕಿದ್ದು ಐದು ಜನರ ಎಲುಬು. ಅದರಲ್ಲಿ ಒಂದು ಅರವತ್ತು ದಾಟಿದ ಅಜ್ಜಿಯದು, ಒಂದು ಎಳೆಗೂಸಿನದು. ಅಪ್ಪನ ಕಥೆಯೂ ಅಷ್ಟೇ. 1977ರಲ್ಲಿ ಗ್ರೀಸಿನ ವೆರ್ಗಿನಾದ ಗೋರಿಯಲ್ಲಿ ಪುರಾತತ್ವಜ್ಞ ಮಾನೊಲಿಸ್ ಆಂದ್ರೊನಿಕೊಸ್ ತೆಗೆದ ಚಿನ್ನದ ಪೆಟ್ಟಿಗೆಯಲ್ಲಿರುವುದು ಫಿಲಿಪ್ಪನೇ ಎಂದು ಕೆಲವರು. ಅಲ್ಲ, ಅವನ ಇನ್ನೊಬ್ಬ ಮಗ ಎಂದು ಕೆಲವರು. ಅಪ್ಪ ಪಕ್ಕದ ಗೋರಿಯಲ್ಲಿದ್ದಾನೆ, ಜಖಂಗೊಂಡ ಮೊಣಕಾಲು ನೋಡಿ ಎಂದು ಮತ್ತೆ ಕೆಲವರು. ಆ ಪೆಟ್ಟಿಗೆಯ ಮುಚ್ಚಳದ ಸೂರ್ಯನನ್ನು ಸ್ಕೋಪ್ಯೆ 1992ರಲ್ಲಿ ಬಾವುಟಕ್ಕೆ ಹಾಕಿಕೊಂಡು, 1995ರಲ್ಲಿ ಬಿಚ್ಚಿಟ್ಟಿತು.

ಕೊನೆಗೆ 2018ರ ಜೂನ್ 17ರಂದು ಪ್ರೆಸ್ಪಾ ಸರೋವರದ ದಂಡೆಯಲ್ಲಿ ರಾಜಿ. ಹೆಸರಿಗೆ 'ಉತ್ತರ' ಸೇರಿತು. ನಿಲ್ದಾಣದ ಬೋರ್ಡ್ ಇಳಿಯಿತು. ಅಲೆಕ್ಸಾಂಡರ್ ಹೆದ್ದಾರಿ 'ಸ್ನೇಹ' ಹೆದ್ದಾರಿ ಆಯಿತು. ಪ್ರತಿಮೆಗಳನ್ನು ಕೀಳಲಿಲ್ಲ. ಇವರು ಪ್ರಾಚೀನ ಗ್ರೀಕ್ ಇತಿಹಾಸಕ್ಕೆ ಸೇರಿದವರು ಎಂಬ ಫಲಕ ಹಾಕಿದರು. ಅಂದರೆ ಕೋಟಿಗಟ್ಟಲೆ ಸುರಿದು ನಿಲ್ಲಿಸಿ, ಇದು ಪಕ್ಕದ ಮನೆಯವರದು ಅಂತ ಚೀಟಿ ಅಂಟಿಸಿದ ಹಾಗೆ. 2020ರ ಮಾರ್ಚಿನಲ್ಲಿ ನೇಟೋ ಬಾಗಿಲು ತೆರೆಯಿತು. ಅದೇ ವರ್ಷ ಯೂರೋಪಿಯನ್ ಒಕ್ಕೂಟದ ಬಾಗಿಲಲ್ಲಿ ಎರಡನೇ ನಾದಿನಿ ಬಲ್ಗೇರಿಯಾ ನಿಂತಳು. ನೀವು ಆಡುವುದು ನಮ್ಮ ಭಾಷೆ, ಮೊದಲು ಒಪ್ಪಿಕೊಳ್ಳಿ ಅಂತ.

2024ರ ಮೇ ತಿಂಗಳಲ್ಲಿ ಹೊಸ ಅಧ್ಯಕ್ಷೆ ಗೊರ್ದಾನಾ ಸಿಲ್ಯಾನೊವ್‌ಸ್ಕಾ ಪ್ರಮಾಣವಚನಕ್ಕೆ ನಿಂತರು. ಕಾಗದದಲ್ಲಿ 'ಉತ್ತರ ಮ್ಯಾಸಿಡೋನಿಯಾ' ಅಂತ ಬರೆದಿತ್ತು. ಬಾಯಲ್ಲಿ ಬಂದದ್ದು ಬರೀ 'ಮ್ಯಾಸಿಡೋನಿಯಾ'. ಗ್ರೀಕ್ ರಾಯಭಾರಿ ಎದ್ದು ಹೊರನಡೆದರು.

ಮೇಡಂ, ನಮ್ಮ ಕಡೆ ಇದಕ್ಕೆ ಮದ್ದಿದೆ. ಮುಂದಿನ ಸಲ ಹೊಸ್ತಿಲಲ್ಲಿ ನಿಂತಾಗ ಸುಮ್ನೆ ಒಂದು ಒಡಪು ಹೇಳಿಬಿಡಿ:

'ವಾರ್ದಾರ್ ಹೊಳಿಗೆ ಕಲ್ಲಿನ ಸೇತುವಿ, ಸೇತುವಿ ಮುಂದ ಕಾರಂಜಿ,
ಕಾರಂಜಿ ಮ್ಯಾಲ ಕಂಚಿನ ಕುದುರಿ, ಬಾಕಿ ಐತಿ ಇನ್ನೂ ಬಿಲ್ಲು,
ಕುದುರಿ ಏರಿ ಕುಂತಾರ ನಮ್ಮನಿಯವರು, ನಾದಿನಿ, ಕಿವಿ ಮುಚ್ಚಿಕೋ ತಂಗಿ,
ಫಿಲಿಪ್‌ರಾಯರ ಹಿರೇ ಸೊಸಿ ನಾನು, ಹೆಸರು ಫಲಕದಾಗ ಓದಿಕೋ.'