ಡೊಂಕು ಅಂಗಳಕ್ಕೊಂದು ಟಾರ್ಕ್ ರೆಂಚ್

ಕುಣಿಯಲಾರದವಳು ಅಂಗಳ ಡೊಂಕು ಎಂದಳಂತೆ. ಮುಂದೊಂದು ದಿನ ಅಂಗಳವನ್ನೇ ಎರಡು ಡಿಗ್ರಿ ವಾಲಿಸಿಕೊಡುವ ಉಪಕರಣವನ್ನು ಚೆಂದದ ಡಬ್ಬಿಯಲ್ಲಿಟ್ಟು ಮಾರುತ್ತಾರೆ ಎಂಬ ಸುಳಿವು ಸಿಕ್ಕಿದ್ದರೆ, ಈ ಗಾದೆಯನ್ನು ಕಟ್ಟಿದ ಹಿರಿಯರು ಗಾದೆಯ ಗೊಡವೆಗೆ ಹೋಗದೆ ಅಂಗಡಿ ತೆರೆಯುತ್ತಿದ್ದರು. ಆ ಉಪಕರಣ ಈಗ ನನ್ನ ಕಾರಿನ ಡಿಕ್ಕಿಯಲ್ಲಿದೆ. ಗಾಲ್ಫ್ ಕೋಲಿನ ಸ್ಕ್ರೂ ತಿರುಗಿಸುವ ಅದಕ್ಕೆ ಟಾರ್ಕ್ ರೆಂಚ್ ಎನ್ನುತ್ತಾರೆ. ಅಂಗೈ ತುಂಬುವ ಹಿಡಿ, ನಕ್ಷತ್ರದಾಕಾರದ ತುದಿ, ಸ್ಕ್ರೂ ಹದಕ್ಕೆ ಬಿಗಿಯಾದ ಕೂಡಲೇ ‘ಟಕ್’ ಎಂಬ ಸದ್ದು. ಆ ಸದ್ದು ಕೇಳಿದ ಮೇಲೆ ಸಿಗುವ ನೆಮ್ಮದಿ, ಸತ್ಯನಾರಾಯಣ ಪೂಜೆ ಮುಗಿಸಿ ಸಪಾದ ಭಕ್ಷ್ಯ ತಿಂದಾಗಲೂ ನನಗೆ ಸಿಕ್ಕಿಲ್ಲ.

ರೆಂಚಿನ ಜೊತೆಗೆ ಬಂದದ್ದು ಅಡ್ಜಸ್ಟಬಲ್ ಡ್ರೈವರ್. ಗಾಲ್ಫ್ ಚೀಲದ ಕೋಲುಗಳಲ್ಲೆಲ್ಲ ಸಾಮಾನ್ಯವಾಗಿ ಅತಿ ಉದ್ದನೆಯದು, ಅತಿ ದೊಡ್ಡ ತಲೆಯದು ಮತ್ತು ಆಡುವವನ ಮರ್ಯಾದೆಯನ್ನು ಮೊದಲ ಹೊಡೆತದಲ್ಲೇ ತೀರ್ಮಾನಿಸುವಂಥದ್ದು. ಅರವತ್ತು ಸಾವಿರಕ್ಕೆ ಒಂದು ಡ್ರೈವರ್ ಗೊತ್ತು ಮಾಡಿದ್ದೇನೆ ಎಂದು ಮನೆಯಲ್ಲಿ ಹೇಳಿದಾಗ, ನನ್ನಾಕೆ ಗಾಬರಿಯಿಂದ, “ತಿಂಗಳಿಗೆ ಅಷ್ಟು ಯಾರಾದರೂ ಕೊಡ್ತಾರೇನ್ರೀ?” ಎಂದು ಕೇಳಿದಳು. ಸಂಬಳವಲ್ಲ, ಒಂದೇ ಬಾರಿಯ ಖರ್ಚು ಎಂದು ಸಮಾಧಾನ ಹೇಳಿದೆ. ಅದೂ ಸುಳ್ಳೆಂದು ಮುಂದಿನ ಜನವರಿಯಲ್ಲಿ ಗೊತ್ತಾಗಲಿದೆ. ಏಕೆಂದರೆ ಹೊಸ ಡ್ರೈವರುಗಳು ಸಂಕ್ರಾಂತಿಯ ಎಳ್ಳುಬೆಲ್ಲದಂತೆ ವರ್ಷವರ್ಷವೂ ಹೆಚ್ಚುಕಡಿಮೆ ಅದೇ ಹೊತ್ತಿಗೆ ಬರುತ್ತವೆ.

ಈ ತಲೆ ಹೀಗೆ ಊದಿಕೊಂಡದ್ದು ಇತ್ತೀಚೆಗೆ. ಹಿಂದೆ ಪರ್ಸಿಮನ್ ಎಂಬ ಮರದಲ್ಲಿ ಕಡೆದ ತಲೆಗಳಿದ್ದವು. ಒಂದು ಮುಷ್ಟಿಯಷ್ಟು ಗಾತ್ರ. 1991ರಲ್ಲಿ ಕ್ಯಾಲವೇ ಕಂಪನಿ ತನ್ನ ಲೋಹದ ಡ್ರೈವರಿಗೆ ‘ಬಿಗ್ ಬರ್ತಾ’ ಎಂದು ಮಹಾಯುದ್ಧದ ಫಿರಂಗಿಯ ಹೆಸರಿಟ್ಟಾಗ ಅದರ ತಲೆಯ ಗಾತ್ರ 190 ಸಿಸಿ. ಅಂದಿನವರು ಅದನ್ನು ಕಂಡು ಹೌಹಾರಿದ್ದರು. ಇಂದು ನಿಯಮ ಒಪ್ಪುವ ಗರಿಷ್ಠ ಗಾತ್ರ 460 ಸಿಸಿ, ಅಂದರೆ ಅರ್ಧ ಲೀಟರ್ ಹಾಲಿನ ಪ್ಯಾಕೆಟ್ಟಿಗಿಂತ 40 ಮಿಲಿಲೀಟರ್ ಮಾತ್ರ ಕಡಿಮೆ. ಒಳಗೆ ಇರುವುದೆಲ್ಲ ಗಾಳಿ. ಇಷ್ಟು ದೊಡ್ಡ ಟೊಳ್ಳು ತಲೆಯನ್ನು ಹೊರಗಿನ ಸ್ಕ್ರೂ ತಿರುಗಿಸಿ ಸರಿಪಡಿಸಬಹುದು ಎಂಬ ಆಸೆ ಹುಟ್ಟಿದ್ದು ಸಹಜವೇ ಆಗಿದೆ. 2004ರಲ್ಲಿ ಟೇಲರ್‌ಮೇಡ್ ನಾಲ್ಕು ತೂಕದ ಸ್ಕ್ರೂಗಳ ಡ್ರೈವರನ್ನು ತಂದಿತು. 2008ರಿಂದ ತೂಕ ಮಾತ್ರವಲ್ಲ, ಲಾಫ್ಟ್ (ಚೆಂಡಿಗೆ ತಾಗುವ ಮುಖ ಎಷ್ಟು ಹಿಂದಕ್ಕೆ ವಾಲಿದೆ ಎಂಬ ಅಳತೆ), ಮುಖ ಎಡಬಲಕ್ಕೆ ತಿರುಗಿರುವ ಕೋನ ಮುಂತಾದವನ್ನೂ ಬದಲಿಸಿಕೊಳ್ಳಲು ನಿಯಮವೇ ದಾರಿ ಬಿಟ್ಟಿತು. 2013ರ ಹೊತ್ತಿಗೆ ಒಂದೇ ಡ್ರೈವರಿನಲ್ಲಿ 12 ಬಗೆಯ ಲಾಫ್ಟ್ ಜೋಡಣೆ, 7 ಬಗೆಯ ಮುಖ, 2 ಬಗೆಯ ತೂಕ ಎಂದು ಗುಣಿಸಿ 168 ಅವತಾರಗಳನ್ನು ಮಾರಲಾಯಿತು. ಮಹಾವಿಷ್ಣು ಹತ್ತಕ್ಕೇ ನಿಲ್ಲಿಸಿದ್ದ. ವಾರಕ್ಕೊಂದು ಅವತಾರವನ್ನು ಪರೀಕ್ಷಿಸುತ್ತ ಹೋದರೆ ಮೂರು ವರ್ಷಕ್ಕಿಂತ ಹೆಚ್ಚು ಬೇಕು, ಅಷ್ಟರಲ್ಲಿ ಆ ಮಾದರಿ ಅಂಗಡಿಯ ಮೂಲೆಯ ರಿಯಾಯಿತಿ ಬುಟ್ಟಿ ಸೇರಿರುತ್ತದೆ.

ಇದರಲ್ಲೊಂದು ಸ್ವಾರಸ್ಯವಿದೆ. ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸಿನ ಆರ್ ಅಂಡ್ ಎ ಮತ್ತು ಅಮೆರಿಕದ ಯುಎಸ್‌ಜಿಎ ಎಂಬ ಗಾಲ್ಫ್ ಸಂಸ್ಥೆಗಳು ಸೇರಿ ಬರೆದಿರುವ ನಿಯಮದಂತೆ ಆಟ ಶುರುವಾದ ಮೇಲೆ ಈ ಹೊಂದಾಣಿಕೆಯನ್ನು ಮುಟ್ಟುವಂತಿಲ್ಲ. ತಿರುಗಿಸಿ, ಹಾಗೆಯೇ ಹೊಡೆದರೆ ಪಂದ್ಯದಿಂದ ಹೊರಗೆ. ಬೆರಳಿನಿಂದ ಸುಲಭವಾಗಿ ತಿರುಗುವಂತೆಯೂ ಅದನ್ನು ಮಾಡಬಾರದು. ರೆಂಚು ಬೇಕಾಗುವುದು ಈ ಕಾರಣಕ್ಕೂ. ಅಂದರೆ ಬೇಕಾದಾಗಲೆಲ್ಲ ಬದಲಿಸಿಕೊಳ್ಳಬಹುದು ಎಂದು ಹಣ ತೆತ್ತು ತಂದದ್ದನ್ನು, ನಿಜವಾಗಿ ಬೇಕಾಗುವ, ಆಟ ನಡೆಯುವ ಆ ನಾಲ್ಕೂವರೆ ಗಂಟೆಗಳಲ್ಲಿ ಮಾತ್ರ ಬದಲಿಸುವಂತಿಲ್ಲ. ಊಟದ ಹೊತ್ತಿನಲ್ಲಿ ಬಾಗಿಲು ಹಾಕುವ ಹೋಟೆಲಿಗೆ ಸದಸ್ಯತ್ವ ಕೊಂಡಂತೆ ಇದು.

ಕೊಳ್ಳುವ ಮೊದಲು ಪರೀಕ್ಷೆಯೊಂದು ನಡೆಯುತ್ತದೆ, ಅದಕ್ಕೆ ಫಿಟ್ಟಿಂಗ್ ಎನ್ನುತ್ತಾರೆ. ಹಸಿರು ಚಾಪೆ, ತಣ್ಣನೆಯ ಎಸಿ, ಎದುರಿಗೆ ಪರದೆಯ ಮೇಲೆ ಕ್ಯಾಲಿಫೋರ್ನಿಯಾದ ಸಮುದ್ರತೀರ. ಗಾಳಿಯಿಲ್ಲ, ಮರವಿಲ್ಲ, ಹಿಂದಿನಿಂದ ಅವಸರಪಡಿಸುವ ನಾಲ್ವರಿಲ್ಲ. ನೆಲದ ಮೇಲಿಟ್ಟ ರಾಡಾರ್ ಪೆಟ್ಟಿಗೆಯು ಚೆಂಡಿನ ವೇಗ, ಏರುವ ಕೋನ ಮತ್ತು ನಿಮಿಷಕ್ಕೆ ಸುತ್ತುವ ಸುತ್ತುಗಳನ್ನು ಗೋಡೆಯ ಮೇಲೆ ಬರೆಯುತ್ತದೆ. ಫಿಟ್ಟಿಂಗ್ ಮಾಡುವ ಹುಡುಗ ಬಹಳ ವಿನಯವಂತ. ಮೊದಲು ನನ್ನ ಹಳೆಯ ಡ್ರೈವರಿನಿಂದ ಹೊಡೆಸಿದ. ಆಗಿನ್ನೂ ನನ್ನ ಮೈ ಬೆಚ್ಚಗಾಗಿರಲಿಲ್ಲ. ಬೆವರು ಬಂದ ಮೇಲೆ ಹೊಸದನ್ನು ಕೈಗಿತ್ತ. ಹೊಸದರಲ್ಲಿ 14 ಬಾರಿ ಹೊಡೆದೆ. ನಾಲ್ಕನೆಯದು ಪರದೆಯ ಅಂಚಿನ ಕಂಬಕ್ಕೆ ಬಡಿದು ನಮ್ಮಿಬ್ಬರ ನಡುವೆ ಹಾದುಹೋಯಿತು. “ಇದನ್ನು ಲೆಕ್ಕಕ್ಕೆ ಹಿಡಿಯೋದು ಬೇಡ ಸಾರ್” ಎಂದು ಅವನು ಗುಂಡಿ ಒತ್ತಿದ. ಆ ಹೊಡೆತ ಇತಿಹಾಸದಿಂದಲೇ ಅಳಿಸಿಹೋಯಿತು. ಹೀಗೆ ಒಂಬತ್ತು ಅಳಿಸಿ, ಉಳಿದ ಐದರ ಸರಾಸರಿ ತೆಗೆದಾಗ ಹೊಸ ಡ್ರೈವರು ಹಳೆಯದಕ್ಕಿಂತ 12 ಗಜ ಮುಂದಿತ್ತು. ಗಣಿತ, ವಿಜ್ಞಾನಗಳನ್ನು ಅಳಿಸಿ ದೈಹಿಕ ಶಿಕ್ಷಣವನ್ನಷ್ಟೇ ಉಳಿಸಿಕೊಂಡಿದ್ದರೆ ನಾನೂ ಎಸ್ಸೆಸ್ಸೆಲ್ಸಿಯಲ್ಲಿ ರ‍್ಯಾಂಕ್ ಬರುತ್ತಿದ್ದೆ.

ನನ್ನ ಪಕ್ಕದ ಚಾಪೆಯಲ್ಲಿ ಹೊಡೆಯುತ್ತಿದ್ದವರು ಸಾಫ್ಟ್‌ವೇರ್ ಕಂಪನಿಯೊಂದರ ಹಿರಿಯ ಅಧಿಕಾರಿ. ಕಚೇರಿಯಲ್ಲಿ ಕಿರಿಯನೊಬ್ಬ ಅಂಕಿಅಂಶದಿಂದ ತನಗೆ ಬೇಡದ ಒಂದೇ ಒಂದು ಸಾಲನ್ನು ಅಳಿಸಿದರೂ ಅವನನ್ನು ನಿಲ್ಲಿಸಿ ಬೈಯುವವರು. ಇಲ್ಲಿ ತಾವೇ ಬೆರಳು ತೋರಿಸಿ, “ಅದನ್ನೂ ತೆಗೀರಿ, ಇದನ್ನೂ ತೆಗೀರಿ” ಎನ್ನುತ್ತಿದ್ದರು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಗಾಳಿ ತೆಳುವಾಗಿರುವುದರಿಂದ ಮಂಗಳೂರಿಗಿಂತ ಇಲ್ಲಿ ಚೆಂಡು ಹೇಗೂ ತುಸು ಮುಂದೆ ಹೋಗುತ್ತದೆ ಎಂದು ನಾನು ನೆನಪಿಸಿದೆ. ಅದಕ್ಕೆ ಯಾರೂ ಬಿಲ್ ಕೊಟ್ಟಿಲ್ಲವಾದ್ದರಿಂದ ಅವರು ಅದನ್ನು ನಂಬಲು ಸಿದ್ಧರಿರಲಿಲ್ಲ.

ಶಾಫ್ಟಿನ, ಅಂದರೆ ಹಿಡಿಯಿಂದ ತಲೆಯವರೆಗಿನ ಕೋಲಿನ, ಆಯ್ಕೆಯಂತೂ ನಾಟಕವೇ ಸರಿ. ಕೋಲು ಎಷ್ಟು ಬಳುಕುತ್ತದೆ ಎಂಬುದರ ಮೇಲೆ ಎಕ್ಸ್‌ಟ್ರಾ ಸ್ಟಿಫ್, ಸ್ಟಿಫ್, ರೆಗ್ಯುಲರ್, ಸೀನಿಯರ್ ಎಂದು ಜಾತಿಗಳಿವೆ. ಇವಕ್ಕೆ ಎಲ್ಲರೂ ಒಪ್ಪಿದ ಅಳತೆಯೊಂದಿಲ್ಲ. ಒಬ್ಬರ ರೆಗ್ಯುಲರ್ ಇನ್ನೊಬ್ಬರ ಸ್ಟಿಫ್ ಆಗಿರಬಹುದು. ಬ್ಯಾಂಕಿನಲ್ಲಿ ಠೇವಣಿಗೆ ಅರ್ಧ ಪರ್ಸೆಂಟ್ ಹೆಚ್ಚು ಬಡ್ಡಿ ಬೇಕೆಂದು ಜನ್ಮದಾಖಲೆ ಹಿಡಿದು ವಾದಿಸುವ ಹಿರಿಯ ನಾಗರಿಕರು ಸೀನಿಯರ್ ಶಾಫ್ಟ್ ಎಂದ ಕೂಡಲೇ ಎದೆ ಸೆಟೆಸಿ ಸ್ಟಿಫ್ ಕೇಳುತ್ತಾರೆ. ಕಂಪನಿಗಳು ಇದನ್ನು ಅರಿತೇ ಆ ಶಾಫ್ಟಿನ ಮೇಲೆ ‘ಎ’ ಎಂದೋ ‘ಲೈಟ್’ ಎಂದೋ ಬರೆದು ಮಾನ ಉಳಿಸುತ್ತವೆ. ಲಾಫ್ಟಿನ ವಿಷಯದಲ್ಲೂ ಇದೇ ಗತ್ತು. ನಿಧಾನವಾಗಿ ಬೀಸುವವನಿಗೆ 12 ಡಿಗ್ರಿ ಒಳ್ಳೆಯದಾದರೂ ಚೀಲದಲ್ಲಿ 9 ಎಂಬ ಅಂಕಿ ಕಾಣಬೇಕು. ಹೀಗಾಗಿ 9 ಡಿಗ್ರಿಯದನ್ನು ಕೊಂಡು, ಮನೆಯಲ್ಲಿ ಬಾಗಿಲು ಹಾಕಿಕೊಂಡು, ರೆಂಚಿನಿಂದ ಎರಡು ಡಿಗ್ರಿ ಏರಿಸಿಕೊಳ್ಳುವವರನ್ನು ನಾನು ಬಲ್ಲೆ. ಇನ್ನೂ ಇಳಿಸುವ ವೀರರ ಪಾಡು ಬೇರೆ. ಬಹುತೇಕ ಡ್ರೈವರುಗಳಲ್ಲಿ ಲಾಫ್ಟ್ ಇಳಿಸಿ ನೆಲದ ಮೇಲಿಟ್ಟರೆ ಮುಖ ಬಲಕ್ಕೆ ತೆರೆದುಕೊಳ್ಳುತ್ತದೆ. ದೂರವನ್ನು ಬೇಡಿದವನಿಗೆ ಸ್ಲೈಸ್, ಅಂದರೆ ಬಲಕ್ಕೆ ಬಾಗಿ ಹೋಗುವ ಹೊಡೆತ, ವರವಾಗಿ ಸಿಗುತ್ತದೆ.

ಕೊಂಡು ತಂದ ಮೇಲೆ, ಗಾಲ್ಫಿಗರ ಅಭ್ಯಾಸದ ಜಾಗವಾದ ಡ್ರೈವಿಂಗ್ ರೇಂಜಿನಲ್ಲಿ ಸ್ವಂತ ಪರೀಕ್ಷೆಗೆ ತೊಡಗಿದೆ. ಬಲಕ್ಕೆ ಬಾಗುವ ಚೆಂಡಿಗೆ ತೂಕವನ್ನು ಹಿಮ್ಮಡಿಯ ಕಡೆಗೆ, ಅಂದರೆ ಕೋಲಿಗೆ ಹತ್ತಿರದ ಬದಿಗೆ, ಸರಿಸಬೇಕೆಂದು ಕೈಪಿಡಿ ಹೇಳುತ್ತದೆ. ಅಡುಗೆಮನೆಯನ್ನು ಆಗ್ನೇಯಕ್ಕೆ ಒಯ್ದರೆ ಮಗನಿಗೆ ಸೀಟು ಸಿಗುತ್ತದೆ ಎನ್ನುವ ವಾಸ್ತು ಪಂಡಿತರನ್ನು ನಗುತ್ತಲೇ ಬಂದವನು ನಾನು. ಆದರೆ ಅಂದು ಕೆಲವೇ ಗ್ರಾಂ ತೂಕದ ಸ್ಕ್ರೂವನ್ನು ಕುಬೇರಮೂಲೆಯಿಂದ ಕಿತ್ತು ಹಿಮ್ಮಡಿಯಲ್ಲಿ ಪ್ರತಿಷ್ಠಾಪಿಸುವಾಗ ನನ್ನ ಕೈ ಭಕ್ತಿಯಿಂದ ನಡುಗುತ್ತಿತ್ತು. ವಾಸ್ತುವಿಗೆ ಹೋಲಿಸಿದರೆ ಇದಕ್ಕೆ ಭೌತಶಾಸ್ತ್ರದ ಬಲ ಇದೆಯೆಂಬುದನ್ನು ಒಪ್ಪಲೇಬೇಕು. ತೂಕ ಸರಿದರೆ ಗುರುತ್ವ ಕೇಂದ್ರ ನಿಜವಾಗಿ ಸರಿಯುತ್ತದೆ, ಕೆಲವು ಮಿಲಿಮೀಟರುಗಳಷ್ಟು.

ನನ್ನ ಚೀಲ ಹೊರುವ ಕ್ಯಾಡಿ ಇದನ್ನೆಲ್ಲ ನೋಡುತ್ತಿದ್ದ. ಅವನ ಸಲಹೆಯಂತೆ ಡ್ರೈವರಿನ ಮುಖವನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಮೇಲೆ ಟಾಲ್ಕಂ ಪೌಡರ್ ಉದುರಿಸಿ ಏಳು ಚೆಂಡು ಹೊಡೆದೆ. ಚೆಂಡು ತಾಗಿದಲ್ಲೆಲ್ಲ ಪೌಡರ್ ಹೋಗಿ ದುಂಡನೆಯ ಕಪ್ಪು ಗುರುತು ಉಳಿದಿತ್ತು. ಒಂದು ಹಿಮ್ಮಡಿಯ ತುದಿಯಲ್ಲಿ, ಎರಡು ಅದರ ಎದುರು ತುದಿಯ ಹೆಬ್ಬೆರಳಿನ ಕಡೆ, ಒಂದು ಮೇಲಿನ ಅಂಚಿನಲ್ಲಿ ಅರ್ಧಚಂದ್ರದಂತೆ, ಇನ್ನೊಂದು ಕೆಳ ಅಂಚಿನಲ್ಲಿ. ಉಳಿದೆರಡನ್ನು ಹುಡುಕಬೇಕಾಯಿತು, ಒಂದು ಗುರುತು ಕೋಲಿನ ಬುಡದಲ್ಲಿತ್ತು, ಮತ್ತೊಂದು ತಲೆಯ ನೆತ್ತಿಯ ಮೇಲೆ, ಹೊಸ ಬಣ್ಣದಲ್ಲಿ ಬಿಳಿಯ ಗೀರಾಗಿ. ಮುಖದ ನಟ್ಟನಡುವೆ ಮಾತ್ರ ಪೌಡರ್ ಕದಡದೆ, ಯಾರೂ ಮುಟ್ಟದ ನೈವೇದ್ಯದಂತೆ ಹಾಗೆಯೇ ಇತ್ತು. “ಎರಡು ಸಲ ಒಂದೇ ಜಾಗಕ್ಕೆ ತಾಗಿಲ್ಲವಲ್ಲ ಸಾರ್” ಎಂದು ಕ್ಯಾಡಿ ನಿಜವಾದ ಬೆರಗಿನಿಂದ ಹೇಳಿದ. ಕಂಪನಿ ಮಿಲಿಮೀಟರಿನಲ್ಲಿ ಸರಿಸಿದ್ದನ್ನು ನಾನು ಅಂಗುಲದಲ್ಲಿ ತಪ್ಪಿಸುತ್ತಿದ್ದೆ. ಆದರೂ ಅಂದು ಸಂಜೆ ನಾನು ಬದಲಿಸಿದ್ದು ಸ್ಕ್ರೂವನ್ನೇ.

ಇದಕ್ಕೆ ಕಾರಣವಿದೆ. ಮರದ ತಲೆಯ ಕಾಲದಲ್ಲಿ ಚೆಂಡು ಕೆರೆಗೆ ಬಿದ್ದರೆ ತಪ್ಪು ಹೊಡೆದವನದಾಗಿತ್ತು. ಈಗ ಕ್ಲಬ್ಬಿನ ಕಾಫಿ ಮೇಜಿನಲ್ಲಿ ಯಾರೂ ಕೆಟ್ಟದಾಗಿ ಆಡಿರುವುದಿಲ್ಲ; ಎಲ್ಲರೂ ತಪ್ಪು ಸೆಟ್ಟಿಂಗಿನಲ್ಲಿ ಆಡಿರುತ್ತಾರೆ. ಆರು ಚೆಂಡು ಕಳೆದುಕೊಂಡು ಬಂದವರನ್ನು, “ಹಿಮ್ಮಡಿಯಲ್ಲಿಟ್ಟಿದ್ದಿರಾ, ನಡುವಿನಲ್ಲಿಟ್ಟಿದ್ದಿರಾ?” ಎಂದು, ಸೂತಕದ ಮನೆಯವರನ್ನು ವಿಚಾರಿಸುವಷ್ಟು ಮೃದುವಾಗಿ ಕೇಳುತ್ತಾರೆ. 2021ರ ಆಗಸ್ಟ್‌ನಲ್ಲಿ ನಮ್ಮ ಬೆಂಗಳೂರಿನ ಅದಿತಿ ಅಶೋಕ್ ಟೋಕಿಯೊ ಒಲಿಂಪಿಕ್ಸಿನಲ್ಲಿ ಒಂದೇ ಹೊಡೆತದಿಂದ ಪದಕ ತಪ್ಪಿ ನಾಲ್ಕನೆಯವರಾದಾಗ, ಇದೇ ಮೇಜಿನವರೆಲ್ಲ ಬೆಳಗಿನ ಜಾವ ಎದ್ದು ಟಿವಿ ನೋಡಿದ್ದರು. ದೂರ ಹೊಡೆಯುವವರ ಸಾಲಿನಲ್ಲಿ ಅದಿತಿ ಇರಲಿಲ್ಲ. ಅವರನ್ನು ಅಲ್ಲಿಯವರೆಗೆ ಒಯ್ದದ್ದು ಬಹುಪಾಲು ಪಟ್ಟರ್, ಅಂದರೆ ಚೆಂಡನ್ನು ಮೆಲ್ಲಗೆ ಗುಂಡಿಗೆ ಉರುಳಿಸುವ ಕೋಲು. ಅದನ್ನು ಕಣ್ಣಾರೆ ಕಂಡು ಸ್ಫೂರ್ತಿಗೊಂಡ ನಮ್ಮ ಗೆಳೆಯರೊಬ್ಬರು ಅದೇ ವಾರ ಹೊಸ ಡ್ರೈವರ್ ಕೊಂಡರು.

ಕಳೆದ ಶನಿವಾರ ಬೆಳಿಗ್ಗೆ ಹೊಸ ಸೆಟ್ಟಿಂಗಿನೊಂದಿಗೆ ಮೊದಲ ಟೀಯಲ್ಲಿ, ಅಂದರೆ ಆಟ ಶುರುಮಾಡುವ ಜಾಗದಲ್ಲಿ, ನಿಂತೆ. ರೆಂಚು ಕಾರಿನಲ್ಲಿತ್ತು. ಕ್ಯಾಡಿ ಹತ್ತಿರ ಬಂದು, “ತಲೆ ಟೈಟ್ ಮಾಡಿದೀರಾ ಸಾರ್?” ಎಂದು ಕೇಳಿದ, ಡ್ರೈವರಿನದು ತಾನೇ ಎಂದು ಖಚಿತಪಡಿಸಿಕೊಂಡು ಹೌದೆಂದೆ. ಜೊತೆಗಿದ್ದ ಮೂವರೂ ಮಾತು ನಿಲ್ಲಿಸಿದರು. ಮುಖವನ್ನು ಚೆಂಡಿನ ಹಿಂದೆ ನೇರಕ್ಕಿಟ್ಟು, ಕೈಪಿಡಿಯ ಹದಿನೇಳನೆಯ ಪುಟವನ್ನು ನೆನೆದು, ಬೀಸುವ ಮುನ್ನ ಕೊನೆಯ ಸಲ ಚೆಂಡು ಬೀಳಬೇಕಾದ ಹುಲ್ಲುಹಾದಿಯಾದ ಫೇರ್‌ವೇಯ ಕಡೆ ಕಣ್ಣು ಹಾಯಿಸಿದೆ. ಕ್ಯಾಡಿ ಆಗಲೇ ಚೀಲವನ್ನು ಹೆಗಲಿಗೇರಿಸಿಕೊಂಡು, ಬಲಗಡೆಯ ನೀಲಗಿರಿ ಮರಗಳತ್ತ ನಡೆಯತೊಡಗಿದ್ದ.