ಅರ್ಧ ಜನ, ಅರ್ಧ ಲಗೇಜು

ಮಾದರಿ ರೈಲಿನ ಚೆನ್ನಾಗಿರುವ ಎರಡು ಪ್ಲಾಸ್ಟಿಕ್ ಬೋಗಿಗಳನ್ನು ದುಡ್ಡು ಕೊಟ್ಟು ತಂದು, ಎರಡನ್ನೂ ನಡುವೆ ಕೊಯ್ದು, ಇದರ ಮುಂಡಕ್ಕೆ ಅದರ ಬಾಲ ಅಂಟಿಸುತ್ತ ಕೂತವರನ್ನು ಕಂಡರೆ ಮನೆಯವರಿಗೆ ಅನುಮಾನ ಬರುವುದು ಸಹಜ. ಆದರೆ ಅಂಗಡಿಯಲ್ಲಿ ಸಿಗದ ಬೋಗಿಯ ಮೇಲೇ ಮನಸ್ಸು ನೆಟ್ಟವರು ಇನ್ನೇನು ಮಾಡಬೇಕು? ಅಮೆರಿಕದ ಕವಲು ಮಾರ್ಗಗಳಲ್ಲಿ ಗೂಡ್ಸ್ ರೈಲಿನ ಹಿಂದೆ ‘ಕಂಬೈನ್’ ಎಂಬ ಒಂದೇ ಒಂದು ಬೋಗಿ ಓಡುತ್ತಿದ್ದ ಕಾಲವಿತ್ತು. ಅದರ ಅರ್ಧದಲ್ಲಿ ಜನ, ಇನ್ನರ್ಧದಲ್ಲಿ ಲಗೇಜು. ಒಂದೊಂದು ರೈಲು ಕಂಪನಿಯದು ಒಂದೊಂದು ಕಿಟಕಿ ಲೆಕ್ಕ. ಅಷ್ಟಕ್ಕೂ ಯಾರು ಅಚ್ಚು ಮಾಡಿಸುತ್ತಾರೆ? ಹಾಗಾಗಿ ಒಂದು ಕೋಚು, ಒಂದು ಬ್ಯಾಗೇಜ್ ಕಾರು, ಒಂದು ಸಣ್ಣ ಹಲ್ಲಿನ ಗರಗಸ. ಎಚ್‌ಒ ಎಂಬ ಮಾದರಿ ರೈಲಿನ ಅಳತೆಯಲ್ಲಿ ನಿಜದ ಒಂದು ಅಡಿಗೆ 3.5 ಮಿ.ಮೀ. ಕೈ ಒಂದು ಮಿ.ಮೀ. ಜಾರಿದರೆ ನಿಜದ ಬೋಗಿಯಲ್ಲಿ ಸುಮಾರು 9 ಸೆಂ.ಮೀ. ಜಾರಿದಂತೆ.

ಯಾವುದಕ್ಕೆ ಯಾವುದನ್ನು ಕೂಡಿಸುವುದೆಂದು ಗರಗಸ ಎತ್ತಿಕೊಳ್ಳುವ ಮೊದಲೇ ತೀರ್ಮಾನವಾಗಿರಬೇಕು. ಎರಡೂ ಒಂದೇ ಸರಣಿಯವಾದರೆ ಎತ್ತರ, ಅಗಲ, ಕಿಟಕಿ ಕೆಳಗಿನ ಪಟ್ಟಿ ತಾವಾಗಿ ಹೊಂದುತ್ತವೆ. ಚಾವಣಿ ಮತ್ತು ತಳ ಬೇರೆ ಭಾಗಗಳಾಗಿ ಬಿಚ್ಚಿಕೊಂಡರೆ ಇನ್ನೂ ಪುಣ್ಯ. ಉದ್ದವನ್ನು ಹಳೆಯದರಷ್ಟೇ ಇಟ್ಟುಕೊಂಡರೆ ಅವೆರಡಕ್ಕೂ ಗರಗಸ ತಾಗಿಸಬೇಕಿಲ್ಲ. ಇಡಿಯಾದ ಚಾವಣಿ ಜಾಯಿಂಟಿನ ಮೇಲೆ ಕೂತು ಬೋಗಿಯ ನಡು ಬಗ್ಗದಂತೆ ಹಿಡಿಯುತ್ತದೆ. ಗೋಡೆ, ಚಾವಣಿ ಎರಡೂ ಒಂದೇ ಅಚ್ಚಿನಲ್ಲಿ ಬಂದಿರುವ, ಸರಕು ಸಾಗಿಸುವ ಮುಚ್ಚು ಬೋಗಿಗಳಾದ ಬಾಕ್ಸ್‌ಕಾರುಗಳ ಗೋಳೇ ಬೇರೆ. ಅಲ್ಲಿ ಚಾವಣಿ ತಗಡಿನ ಗೆರೆಗಳು ಗೋಡೆಯ ರಿವೆಟ್ ಸಾಲುಗಳ ನೇರಕ್ಕೆ ಇರುವುದು ಅಪರೂಪ. ಅಡ್ಡಲಾಗಿ ಒಂದೇ ಸಲಕ್ಕೆ ಕೊಯ್ದರೆ ಎಲ್ಲೋ ಒಂದು ಕಡೆ ತಗಡಿನ ನಟ್ಟನಡುವೆ ಗಾಯವಾಗುತ್ತದೆ. ಗೋಡೆಯನ್ನು ಅದರ ಗೆರೆಯಲ್ಲಿ, ಚಾವಣಿಯನ್ನು ಅದರ ಗೆರೆಯಲ್ಲಿ ಮೆಟ್ಟಿಲಾಗಿ ಕೊಯ್ಯದೆ ವಿಧಿಯಿಲ್ಲ.

ಚೌಕಳಿ ಅಂಗಿಗೆ ಜೇಬಿಡುವ ಒಳ್ಳೆಯ ದರ್ಜಿ ಜೇಬಿನ ಗೆರೆಯನ್ನು ಅಂಗಿಯ ಗೆರೆಗೇ ಕೂಡಿಸುತ್ತಾನಲ್ಲ, ಇಲ್ಲಿಯ ಗುಟ್ಟೂ ಅದೇ. ಲಗೇಜು ಬಾಗಿಲ ಪಕ್ಕದ ರಿವೆಟ್ ಸಾಲು, ತಗಡಿನ ಅಂಚು ಇಂಥ ಕಡೆ ಕಣ್ಣು ಹೇಗೂ ಒಂದು ಗೆರೆಯನ್ನು ಒಪ್ಪಿಕೊಂಡಿರುತ್ತದೆ. ಅಲ್ಲಿ ಇನ್ನೊಂದು ಗೆರೆ ಕರಗಿಹೋಗುತ್ತದೆ. ಬಯಲಾದ ಗೋಡೆಯ ನಡುವಿನ ಜಾಯಿಂಟನ್ನು ಯಾವ ಪುಟ್ಟಿಯೂ ಮುಚ್ಚಿಡಲಾರದು.

ಮಾಸ್ಕಿಂಗ್ ಟೇಪನ್ನು ಬೋಗಿಯ ಸುತ್ತ ಸುತ್ತಿ, ಅಂಚಿನಿಂದ ಅರ್ಧ ಮಿ.ಮೀ. ಹೊರಗೆ ಕೊಯ್ಯಬೇಕು. ಮೋಟಾರು ಗರಗಸ ಬೇಡ; ಬಿಸಿಗೆ ಪ್ಲಾಸ್ಟಿಕ್ ಕರಗಿ ಅಂಚು ಉಬ್ಬುತ್ತದೆ. ಉಳಿದ ಅರ್ಧ ಮಿ.ಮೀ.ಯನ್ನು ಗಾಜಿನ ಮೇಲೆ ಹಾಸಿದ 320ರ ಸ್ಯಾಂಡ್‌ಪೇಪರಿನಲ್ಲಿ ಉಜ್ಜಿ ಟೇಪಿನ ಅಂಚಿಗೆ ತಂದು, ಪ್ರತಿ ಹತ್ತು ಉಜ್ಜಿಗೆ ಮೂಲೆಮಟ್ಟ ಹಿಡಿದು ನೋಡಬೇಕು. ಉಳಿದೆರಡು ತುಂಡುಗಳಿಂದ ಎರಡನೆಯ ಕಂಬೈನ್ ಮಾಡುವ ಆಸೆ ಎಲ್ಲರಿಗೂ ಬರುತ್ತದೆ. ಆದರೆ ಗರಗಸ, ಉಜ್ಜಾಟ ತಿಂದದ್ದೆಲ್ಲ ಅದರ ಪಾಲಿನದೇ. ಒಂದೂವರೆ ಮಿ.ಮೀ. ಗಿಡ್ಡವಾಗಿ ಚಾವಣಿ ತುದಿಯಲ್ಲಿ ಹೊರಚಾಚುತ್ತದೆ. ನಡುವೆ 0.5 ಮಿ.ಮೀ. ಸ್ಟೈರೀನ್ ಪ್ಲಾಸ್ಟಿಕ್ ಹಾಳೆಯ ಪಟ್ಟಿಗಳನ್ನು ಸೇರಿಸಿ ಉದ್ದ ಸರಿಮಾಡಬಹುದು.

ಈ ಬೋಗಿಗಳ ಪ್ಲಾಸ್ಟಿಕ್ಕಾದ ಪಾಲಿಸ್ಟೈರೀನಿಗೆ ಅಂಟೆಂದರೆ ಎಂಇಕೆ (ಮೀಥೈಲ್ ಈಥೈಲ್ ಕೀಟೋನ್) ಅಂಥ ದ್ರಾವಕ. ಅದು ಎರಡೂ ಅಂಚನ್ನು ಕರಗಿಸಿ ಒಂದು ಮಾಡುತ್ತದೆ. ಬಣ್ಣ ಉಳಿದಿದ್ದರೆ ಹಿಡಿಯುವುದಿಲ್ಲ, ಅಂಚನ್ನು ಕೆರೆದಿರಬೇಕು. ಕಿಟಕಿ ತೆರೆದಿರಬೇಕು, ನಿಜದ ಮನೆಯದು. ಎರಡು ತುಂಡನ್ನು ಗಾಜಿನ ಮೇಲೆ ಉಕ್ಕಿನ ಪಟ್ಟಿಗೆ ಒರಗಿಸಿ, ಒಳಗಿನಿಂದ ಕುಂಚದ ತುದಿ ತಾಗಿಸಿದರೆ ಸಂದಿಯೇ ಅದನ್ನು ಹೀರಿಕೊಳ್ಳುತ್ತದೆ. ಮೆಲ್ಲಗೆ ಒತ್ತಿದಾಗ ಹೊರಗೆ ಎಳೆಯಷ್ಟು ಪ್ಲಾಸ್ಟಿಕ್ ಉಕ್ಕುತ್ತದೆ. ಅದನ್ನು ಬೆರಳಲ್ಲಿ ಒರೆಸಿದರೋ, ಬೆರಳಚ್ಚು ಶಾಶ್ವತ. ಮುಟ್ಟದೆ ಒಂದು ದಿನ ಬಿಟ್ಟು ಉಜ್ಜಿದರೆ ಅದೇ ಉತ್ತಮ ಪುಟ್ಟಿ. ಒಳಗೆ 1 ಮಿ.ಮೀ. ದಪ್ಪ, 20 ಮಿ.ಮೀ. ಅಗಲದ ಪಟ್ಟಿ ಆಸರೆಗೆ ಬೇಕು. ದ್ರಾವಕ ಸುರಿದು ಅಂಟಿಸಿದರೆ ಒಳಗೆ ಸಿಕ್ಕಿಕೊಂಡ ದ್ರವ ವಾರಗಟ್ಟಲೆ ಕೆಲಸ ಮಾಡಿ ಗೋಡೆಯನ್ನು ಒಳಕ್ಕೆಳೆಯುತ್ತದೆ. ಜನಕ್ಕೂ ಲಗೇಜಿಗೂ ನಡುವಿನ ಅಡ್ಡಗೋಡೆಯನ್ನು ಜಾಯಿಂಟಿನ ಹತ್ತಿರವೇ ನಿಲ್ಲಿಸಿದರೆ ಬೋಗಿ ಚೌಕವಾಗಿಯೂ ನಿಲ್ಲುತ್ತದೆ. ಹಿಡಿಕೆ, ಏಣಿಯಂಥ ಜಾರು ಪ್ಲಾಸ್ಟಿಕ್ಕಿನ ಭಾಗಗಳಿಗೆ ಮಾತ್ರ ಈ ದ್ರಾವಕ ನೀರಿನ ಸಮಾನ. ಅವಕ್ಕೆ ರಂಧ್ರ ಕೊರೆದು ಫೆವಿಕ್ವಿಕ್.

ಬೂದು ಪ್ರೈಮರ್ ಹೊಡೆದ ಮೇಲೆ ನಿಜ ಬಯಲಾಗುತ್ತದೆ. ಅಳಿಸಿಹೋದ ರಿವೆಟ್‌ಗಳಿಗೆ ರಾಳದ ಉಬ್ಬುಚುಕ್ಕೆಗಳಿರುವ ಡೆಕಾಲ್, ಅಂದರೆ ಅಂಟಿಸುವ ತೆಳು ಹಾಳೆ, ಸಿಗುತ್ತದೆ. ಇಲ್ಲವೇ ರದ್ದಿ ಬೋಗಿಯಿಂದ ಒಂದೊಂದೇ ಕೆತ್ತಿ ಕೂರಿಸಬೇಕು, ತಾಳ್ಮೆಗೆ ಬೇರೆ ಪರೀಕ್ಷೆ ಬೇಡ. ಬೋಗಿಯ ತೂಕ, ಅಮೆರಿಕದ ಮಾದರಿ ರೈಲು ಸಂಘವಾದ ಎನ್‌ಎಂಆರ್‌ಎ ಹೇಳುವಂತೆ, ಒಂದು ಔನ್ಸ್ ಜೊತೆಗೆ ಪ್ರತಿ ಅಂಗುಲಕ್ಕೆ ಅರ್ಧ ಔನ್ಸ್. ಹತ್ತಂಗುಲದ ಬೋಗಿಗೆ 6 ಔನ್ಸ್, ಸುಮಾರು 170 ಗ್ರಾಂ.

ನಮ್ಮ ರೈಲ್ವೆಗೂ ಈ ಚಾಳಿ ಇದೆ. ವಯಸ್ಸಾದ ಐಸಿಎಫ್ (ಚೆನ್ನೈನ ಬೋಗಿ ಕಾರ್ಖಾನೆ) ಬೋಗಿಯ ಸೀಟು ಕಿತ್ತು, ಕಿಟಕಿ ಮುಚ್ಚಿ, ತುದಿಗೆ ಬಾಗಿಲಿಟ್ಟು, ಹೊಸ ಕಾರು ಸಾಗಿಸುವ ಎನ್‌ಎಂಜಿ ಬೋಗಿ ಮಾಡುತ್ತಾರೆ. ಅದರ ಮಾದರಿಯನ್ನು ಅಮೆರಿಕದ ಮಾದರಿ ಕೋಚಿನಿಂದ ಮಾಡಹೊರಟರೆ ಉದ್ದ ತೊಡಕಲ್ಲ, 245 ಮಿ.ಮೀ.ಗೆ ತರಬಹುದು. ತೊಡಕು ಅಗಲದ್ದು. ಐಸಿಎಫ್ ಬೋಗಿ 3,245 ಮಿ.ಮೀ. ಅಗಲ, ಮಾದರಿಯಲ್ಲಿ 37.3, ಹತ್ತಡಿ ಅಗಲದ ಅಮೆರಿಕದ್ದು 35. ಆ ಎರಡು ಮಿ.ಮೀ. ಚಿಲ್ಲರೆಗಾಗಿ ಚಾವಣಿ, ತಳ, ಎರಡೂ ತುದಿಗೋಡೆ ಎಲ್ಲವನ್ನೂ ಉದ್ದಕ್ಕೆ ಸೀಳಬೇಕು. ಅದಕ್ಕಿಂತ ಬರೀ ಹಾಳೆಯಿಂದ ಹೊಸದಾಗಿ ಕಟ್ಟುವುದು ಸುಲಭ. ಬ್ರಾಡ್‌ಗೇಜಿಗೆ ಹಳಿಗಳ ಅಂತರವೂ 16.5ರ ಬದಲು 19.2 ಮಿ.ಮೀ. ಇರಬೇಕಿತ್ತು, ಅದನ್ನು ಮಾತ್ರ ಎಲ್ಲರೂ ನೋಡಿಯೂ ನೋಡದ ಹಾಗೆ ಇದ್ದುಬಿಡುತ್ತಾರೆ.