ಮನಿ ಮುಂದ ನಿಂತ ಅಮೇರಿಕಾದ ಗಾಡಿ

ಇವತ್ತ ಮುಂಜಾನಿ ಮತ್ತ ಸ್ಕೂಟಿ ಹೊರಗ ತಗೀಲಾಕ ಆಗ್ಲಿಲ್ಲ. ಎಂಟ್ ದಿನದಾಗ ಇದು ಮೂರನೇ ಸಲ. ಗೇಟ್ ತಗದು ನೋಡಿದ್ರ ಯಾರದೋ ಬಿಳಿ ಕಾರು ಬಾಗಿಲಿಗಿ ಅಡ್ಡ ನಿಂತದ, ಒದರಿ ಕರೀಬೇಕಂದ್ರ ಯಾರ ಹೆಸರು ಹಿಡದು ಕರೀಲಿ. ಅರ್ಧ ತಾಸ್ ಆದ ಮ್ಯಾಲ ಒಬ್ಬ ಹುಡುಗ ಬಾಯಾಗ ಬ್ರಷ್ ಇಟ್ಕೊಂಡೇ ಬಂದ, ಮೂಲಿ ಮನಿ ಬಾಡಿಗಿಯವರ ಬೀಗ್ರ ಪೈಕಿ ಅಂತ. ‘ಪಾರ್ಕಿಂಗ್ ಬಾಕ್ಸ್ ಹಾಕ್ಯಾರಲ್ರಿ ಅಂಕಲ್, ಅದಕ್ಕ ನಿಲ್ಸೀನಿ’ ಅಂದ.

ಪಾರ್ಕಿಂಗ್ ಬಾಕ್ಸ್ ಅಲ್ಲಪ್ಪಾ ಅದು. ಅದು ಫೋರ್ಡ್ ಎಫ್-150, ಅಮೇರಿಕಾದ ಪಿಕಪ್ ಗಾಡಿ.

ನಮ್ ಕಾಕಾನ ಮಗ, ನನಗ ತಮ್ಮ ಆಗ್ಬೇಕು, ಟೆಕ್ಸಾಸ್‌ದಾಗ ಇದ್ದಾನ. ನಮ್ ಐತವಾರ ಮುಂಜಾನಿ ಅಂದ್ರ ಅವನಿಗಿ ಶನಿವಾರ ರಾತ್ರಿ, ಫೋನ್ ಬಂತಂದ್ರ ನಾ ಸುಸಲಾ ತಿನ್ನೂದು ಮುಗದು ಚಾ ಆರಿ ನನ್ ಹೆಂಡ್ತಿ ಎರಡ್ ಸಲ ಹಣಕಿ ಹಾಕಿ ಹೋದ್ರೂ ಬಿಡಂಗಿಲ್ಲ. ಎರಡ್ ವರ್ಷದಿಂದ ಅವನದು ಒಂದೇ ವಿಷಯ, ಯಾವ ಪಿಕಪ್ ತಗೋಬೇಕು. ನಮ್ ಕಡಿ ಪಿಕಪ್ ಅಂದ್ರ ಹಿಂದ ಕುರಿ ಮುಂದ ಕುರಿ ಮಾಲೀಕ, ಮುಗೀತು. ಅವರ ಕಡಿ ಅದ್ರಾಗ ಚರ್ಮದ ಸೀಟು, ಬೆನ್ನಿಗಿ ಮಸಾಜು, ಸೀಟ್ ಬಿಸಿ ಮಾಡೋ ಬಟನ್ನು. ಕಲಬುರಗ್ಯಾಗ ಏಪ್ರಿಲ್‌ದಾಗ ಎರಡ್ ತಾಸು ಬಿಸಿಲಿಗಿ ನಿಲ್ಲಿಸಿದ್ರ ಅದು ಪುಗಸಟ್ಟೆ ಸಿಗ್ತದಪ್ಪ ಅಂದ್ರ ನಗಂಗಿಲ್ಲ ಅಂವ, ‘ಸೀಟ್ ತಂಪೂ ಮಾಡ್ತದ ಅಣ್ಣಾ’ ಅಂತಾನ. ಆ ಮಾತಿಗಿ ಮಾತ್ರ ನಂಗ ಸ್ವಲ್ಪ ಹೊಟ್ಟಿ ಉರೀತು, ಸುಳ್ಳ ಯಾಕ ಹೇಳ್ಲಿ.

‘ಅಣ್ಣಾ, ರಾಮ್ 1500 ಲಿಮಿಟೆಡ್‌ದಾಗ ಹೊಸಾ ಆರ್ ಸಿಲಿಂಡರ್ ಇಂಜಿನ್, 540 ಹಾರ್ಸ್‌ಪವರ್. ಜಿಎಂಸಿ ಡೆನಾಲಿ 6.2 ಲೀಟರ್ ವಿ8, ಅದು 420. ಟೊಯೊಟಾ ಟುಂಡ್ರಾ ಕ್ಯಾಪ್‌ಸ್ಟೋನ್ ಹೈಬ್ರಿಡ್ 437. ಎಫ್-150 ಇಕೋಬೂಸ್ಟ್ ನಾಕ್ನೂರೇ, ಆದ್ರ ಬೇಕಾದ್ದೆಲ್ಲಾ ಹಾಕ್ಸಿದ್ರ 13,500 ಪೌಂಡ್ ತನಕ ಎಳೀತದ!’

ಆರು ಟನ್ ಆಯ್ತು ನಮ್ ಲೆಕ್ಕದಾಗ. ‘ಏನ್ ಎಳೀತಿ?’ ಅಂತ ಕೇಳ್ದೆ.

‘ಏನಿಲ್ಲ. ಆದ್ರ ಎಳೀಬಹುದು.’

ಒಮ್ಮೆ ಬಾಯ್ತಪ್ಪಿ ಟೊಯೊಟಾದ ಹಿಲಕ್ಸ್ ಪಿಕಪ್ ಇಲ್ಲೇ ಸಿಗ್ತದಲ್ಲೋ, 2022 ರಾಗೇ ಬಂದದ, ಹದಿನೇಳೂವರಿ ಫೂಟ್ ಅದ ಅಂದೆ. ‘ಅದು ಮಿಡ್‌ಸೈಜ್ ಅಣ್ಣಾ’ ಅಂದ, ಹಳಸಿದ ಪಲ್ಯ ಬಡಿಸಿದಂಗ ಮಾರಿ ಮಾಡಿ.

ಡಿಸೆಂಬರ್‌ದಾಗ ಊರಿಗಿ ಬಂದ. ಸರಿಯಾಗಿ ತೊಗರಿ ರಾಶಿ ಟೈಮು. ಹದಿನಾಲ್ಕ್ ಚೀಲ, ಐವತ್ತ್ ಕಿಲೋದ್ದು, ಗಂಜ್ ಮಾರ್ಕೆಟಿಗಿ ಒಯ್ಯಬೇಕಾಗಿತ್ತು, ಛೋಟಾ ಹಾಥಿ, ಅಂದ್ರ ಟಾಟಾ ಏಸ್ ಗಾಡಿ, ಹೇಳಿದ್ದೆ. ನಾನೂ ಹಮಾಲನೂ ಚೀಲ ಎತ್ಲಾಕತ್ತೀವಿ, ಇಂವ ಡ್ರೈವರ್‌ಗಿ ಫೋನ್‌ದಾಗ ಡೆನಾಲಿ ಹಿಂದಿನ ಬಾಗ್ಲಾ ಆರ್ ಥರ ಹ್ಯಾಂಗ ಮಡಚ್ತದ ಅಂತ ತೋರಿಸ್ಲಾಕತ್ಯಾನ, ಮೆಟ್ಟಲಾ ಆಗ್ತದಂತ, ಟೇಬಲ್ ಆಗ್ತದಂತ. ನನ್ ನಡಾ ಟಕ್ ಅಂದದ್ದು ಆವಾಗೇ.

ಡ್ರೈವರ್ ಎಲ್ಲಾ ನೋಡಿ, ಹಲ್ಲಾಗಿನ ಅಡಕಿ ಈ ಕಡಿಯಿಂದ ಆ ಕಡಿ ಮಾಡಿ ಕೇಳ್ದ: ‘ಹಿಂದಿನ ಡಬ್ಬಾ ಎಷ್ಟ್ ಉದ್ದ ಅದರಿ?’

‘ಆರ್ ಫೂಟಿಗಿ ಸ್ವಲ್ಪ ಕಡಿಮಿ.’

ಡ್ರೈವರ್ ತನ್ನ ಗಾಡಿ ಹಿಂದ್ಕ ಹೊಳ್ಳಿ ನೋಡ್ದ. ಅದು ಏಳ್ ಫೂಟ್. ಏನೂ ಅನ್ಲಿಲ್ಲ ಪಾಪ. ‘ಎಷ್ಟ್ ಚೀಲ ಹೇರಬಹುದರಿ?’

ಇಲ್ಲಿ ಸಿಕ್ಕೊಂಡ ನೋಡ್ರಿ. ಎಳಿಯೋದು ಬ್ಯಾರೆ, ಹೊರೋದು ಬ್ಯಾರೆ. ಗಾಡಿದು ಒಟ್ಟು ತೂಕಕ್ಕ ಒಂದ್ ಮಿತಿ ಇರ್ತದ, ಗಾಜಿನ ಮಾಳಿಗಿ, ಮಸಾಜ್ ಮಷೀನು, ದೊಡ್ಡ ಸ್ಕ್ರೀನು ಅಂತ ಹೆಚ್ಚಿಗಿ ಸಾಮಾನ್ ತುಂಬಿದಷ್ಟೂ ಮಾಲಿನ ಪಾಲು ಕಡಿಮಿ ಆಗ್ತದ. ಅಂದ್ರ ರೊಕ್ಕ ಜಾಸ್ತಿ ಕೊಟ್ಟಷ್ಟೂ ಚೀಲ ಕಮ್ಮಿ. ತುಟ್ಟಿ ಮಾಡಲ್‌ದಾಗ ಸುಮಾರು 1,500 ಪೌಂಡ್ ಅಂತ ಇಟ್ಕೋರಿ ಅಂದ, ಅಂದ್ರ 680 ಕಿಲೋ. ಹದಿನಾಲ್ಕನೇ ಚೀಲ ಅಲ್ಲೇ ಕೆಳಗ ಉಳೀತು. ಮ್ಯಾಲ ಅದ್ರಾಗ ಕುಂತವರ ತೂಕನೂ ಹಿಡೀಬೇಕಂತ. ಡ್ರೈವರ್ ನಮ್ಮಿಬ್ಬರ ಹೊಟ್ಟಿ ನೋಡ್ದ. ‘ಹಂಗಾರ ಇನ್ನ್ ಮೂರ್ ಚೀಲ ಇಳಸ್ರಿ’ ಅಂದ.

ಅವನ ಗಾಡಿ 750 ಕಿಲೋದ್ದು, ಅದೂ ಕಾಗದದ ಮ್ಯಾಲ, ಗಂಜಿನಾಗ ಕಾಗದ ಯಾರ್ ಓದ್ತಾರ. 2005 ರಾಗ ಏಸ್ ಬಂದಾಗ ಎರಡೇ ಸಿಲಿಂಡರು, 16 ಹಾರ್ಸ್‌ಪವರು. ನಮ್ ತಮ್ಮಂದು 540. ಲೆಕ್ಕ ಹಾಕಿದ್ರ ಒಂದು ರಾಮ್‌ನಾಗ ಮೂವತ್ಮೂರು ಛೋಟಾ ಹಾಥಿ.

ಈ ಅಪಮಾನ ಅಂವಗ ಸಹನ ಆಗ್ಲಿಲ್ಲ ಕಾಣ್ತದ. ಸಂಜಿಗಿ ಟೇಪ್ ಹಿಡ್ಕೊಂಡ್ ಓಣಿ ಅಳೀಲಾಕ ಶುರು ಮಾಡ್ದ, ಮುಂದೊಂದ್ ದಿನ ಇಲ್ಲೇ ತಂದ್ರ ನಿಲ್ತದೋ ಇಲ್ಲೋ ಅಂತ. ಸ್ಟೇರಿಂಗ್ ಎಡಕ್ಕದಲ್ಲೋ, ನಮ್ ದೇಶದಾಗ ಹ್ಯಾಂಗ್ ಓಡಸ್ತಿ ಅಂದ್ರ ‘ಅದು ಆಮ್ಯಾಲ’ ಅಂದ. ಎಫ್-150 ಉದ್ದ 19 ಫೂಟ್ ನಾಕ್ ಇಂಚು. ಅಗಲ 6 ಫೂಟ್ 8 ಇಂಚು, ಕನ್ನಡಿ ಹಿಡದ್ರ ಎಂಟ್ ಫೂಟ್. ಬಾಯಿಲೆ ಹೇಳಿದ್ರ ನಂಗ ತಿಳಿಯಂಗಿಲ್ಲ ಅಂತ, ಗೇಟಿಗಿ ಹೊಡದು ಉಳದಿದ್ದ ಬಿಳಿ ಪೇಂಟ್ ತಂದು ಸಿಸಿ ರೋಡ್ ಮ್ಯಾಲ ಗಾಡಿ ಬರೀಲಾಕ ಕುಂತ. ನಾ ನಡಾ ಹಿಡ್ಕೊಂಡ್ ಕಟ್ಟಿ ಮ್ಯಾಲ ಕುಂತಿದ್ದೆ, ಬ್ಯಾಡ ಅನ್ನೋ ಶಕ್ತಿನೂ ಇರ್ಲಿಲ್ಲ. ಮುಂದಿನ ಬಾನೆಟ್ಟು, ನಾಕ್ ಬಾಗಲಾ, ನಾಕ್ ಗಾಲಿ, ಡ್ರೈವರ್ ಸೀಟಿಗಿ ಒಂದ್ ಗೋಲು. ಎದುರಮನಿ ಆಯಿ ಹೊರಗ ಬಂದು ನಿಂತು ನೋಡೇ ನೋಡಿದ್ಳು, ‘ಏನೋ ತಮ್ಮಾ, ರಸ್ತಾದಾಗ ಮನಿ ಪಾಯಾ ಹಾಕ್ಲಾಕತ್ತಿ ಏನು?’ ಅಂದ್ಳು. ಗಾಡಿ ಆಯೀ ಅಂದ. ‘ಎಂಥಾ ಗಾಡಿನೋ, ಅದ್ರ ಕಿವಿ ನನ್ ಕಟ್ಟಿ ಮ್ಯಾಲ ಬಂದದ’ ಅಂದ್ಳು. ಖರೇನೇ, ಎಡಗಡಿ ಕನ್ನಡಿ ಆಕಿ ತುಳಸಿ ಕುಂಡದ ಕೆಳಗ ಬಿದ್ದಿತ್ತು. ಓಣಿ ಹುಡುಗ್ರು ಪೇಂಟ್ ಒಣಗೋ ತನಕನೂ ತಡೀಲಿಲ್ಲ, ಅದ್ರಾಗೇ ಕುಂಟಾಟ ಶುರು. ಮರುದಿನ ಮುಂಜಾನಿ ಒಂದ್ ಬೀದಿ ಆಕಳಾ ಬಂದು ಸರಿಯಾಗಿ ಎಡಗಡಿ ಗೋಲಿನಾಗೇ ಕುಂತಿತ್ತು. ತಮ್ಮ ಫೋಟೋ ತಕ್ಕೊಂಡ. ‘ನೋಡಣ್ಣಾ, ಕಾಲ್ ಚಾಚಿ ಕುಂತ್ರೂ ಜಾಗಾ ಉಳದದ.’

ಆದ್ರ ಆ ರಾತ್ರಿ ಒಂದ್ ಮಾತ್ ಆಯ್ತು. ಎಲ್ಲಾರೂ ಉಂಡು ಮಲಗಿದ್ ಮ್ಯಾಲ ಇಂವ ಹೊರಗ ಹೋಗಿ ಬರದಿದ್ ಗಾಡಿ ಹಿಂದಿನ ಡಬ್ಬಾದಾಗ ಅಂಗಾತ ಮಲಗಿದ್ದ. ಕಾಲು ಗೆರಿ ದಾಟಿ ಹೊರಗ ಬಂದಿದ್ವು, ಅಂವ ಐದ್ ಫೂಟ್ ಒಂಬತ್ತ್ ಇಂಚು. ನಾನೂ ಬಾಜೂಕ ಕುಂತೆ. ಸುಮಾರ್ ಹೊತ್ತು ಸುಮ್ನಿದ್ದು, ‘ಬಂಡ್ಯಾಗ ಇಬ್ರೂ ಪೂರಾ ಮಲಗ್ತಿದ್ದಿವಲ್ಲ ಅಣ್ಣಾ’ ಅಂದ.

ಮಲಗ್ತಿದ್ದಿವಿ. ಕಾಕಾ ಬಂಡಿ ಹೊಡೀತಿದ್ದ, ತೊಗರಿ ಚೀಲದ ಮ್ಯಾಲ ಒಂದೇ ಕಂಬಳಿ ಇಬ್ಬರಿಗೂ, ಬಂಡಿ ಕೆಳಗ ಕಂದೀಲು ತೂಗಾಡೋದು, ರಾತ್ರಿ ಊರು ಬಿಟ್ರ ಗಂಜ್ ಮುಟ್ಟೋದ್ರಾಗ ಬೆಳಕ್ ಹರೀತಿತ್ತು. ಅಲ್ಲಿ ಕಾಕಾ ಮಿರ್ಚಿ ಭಜಿ ಕೊಡಸ್ತಿದ್ದ, ಇಂವಗ ಖಾರ ಆಗಿ ಅಳ್ತಿದ್ದ, ಆದ್ರ ಬಿಡ್ತಿರ್ಲಿಲ್ಲ. ಈಗ ಕಾಕಾ ಇಲ್ಲ. ಕಾಕಾ ತೀರಿದಾಗ ಇಂವಗ ಬರ್ಲಾಕೂ ಆಗಿರ್ಲಿಲ್ಲ. ಅದರ ಬಗ್ಗಿ ನಾವಿಬ್ರೂ ಆ ದಿನಾನೂ ಏನ್ ಮಾತಾಡ್ಲಿಲ್ಲ, ಸೊಳ್ಳಿ ಕಡೀಲಾಕತ್ವು, ಒಳಗ ಬಂದಿವಿ.

ಈಗ ಅಂವ ಹೋಗಿ ಎರಡ್ ತಿಂಗಳಾಯ್ತು, ಗಾಡಿ ಇಲ್ಲೇ ಅದ. ನೀರ್ ಹೊಡ್ದೆ, ಸೀಮಿಎಣ್ಣಿ ಹಾಕ್ದೆ, ಪರಕಿಲೇ ತಿಕ್ಕಿದೆ, ಹೋಗವಲ್ದು. ಗಾಲಿ, ಬಾನೆಟ್ಟು ಹುಡುಗ್ರ ಕಾಲಿಗಿ ಸವದು ಹೋಗಿ ಬರೇ ಹೊರಗಿನ ಚೌಕ ಉಳದದ, ಹಿಂಗಾಗಿ ಬಂದವರಿಗೆಲ್ಲಾ ಅದು ಪಾರ್ಕಿಂಗೇ.

ನಿನ್ನಿ ಐತವಾರ ಮತ್ತ ಫೋನು. ಕಾರುಗಳ ಕಥಿ ಹೇಳಿ ಬೈಬೇಕಂತ ಬಾಯಿ ತಗ್ಯೋದ್ರಾಗ ಅವಂದೇ ಶುರುವಾಯ್ತು, ‘ಅಣ್ಣಾ, ಫೋರ್ಡ್ ಬ್ಯಾಡ ಅನಸ್ಲಾಕತ್ತದ, ಟುಂಡ್ರಾ ನೋಡ್ಲಾಕತ್ತೀನಿ. ಅಳತಿ ಕಳಸ್ತೀನಿ, ಅಲ್ಲೇ ಬಾಜೂಕ ಒಂದ್ ಸಲ ಬರದು ಫೋಟೋ ಹಾಕು. ಪೇಂಟ್ ಉಳದದ ಅಲ್ಲ?’

ನಾ ಉತ್ತರ ಕೊಡೋದ್ರಾಗ ನನ್ ಹೆಂಡ್ತಿ ಪೇಂಟಿನ ಡಬ್ಬಿ ಎತ್ಕೊಂಡು ಮಾಳಗಿ ಹತ್ತಿದ್ಳು. ಎಲ್ಲಿ ಮುಚ್ಚಿಟ್ಟಾಳೋ ಇನ್ನೂ ಸಿಕ್ಕಿಲ್ಲ, ನಾನೂ ಹುಡುಕಿಲ್ಲ.